ನಲವತ್ತೊಂದರಲ್ಲಿ ಸಿಕ್ಕ ಹೆಸರು

ಚಿಕ್ಕಪ್ಪನ ಮಗಳು ಬೆಂಗಳೂರಿನಿಂದ ಫೋನ್ ಮಾಡಿದಾಗ ನಾನು ಅಡುಗೆಮನೆಯಲ್ಲಿದ್ದೆ. ಅವಳು ಸುಮ್ಮಸುಮ್ಮನೆ ಫೋನ್ ಮಾಡುವವಳಲ್ಲ. ಹಬ್ಬಕ್ಕೂ ಒಂದು ಮೆಸೇಜು ಕಳಿಸಿ ಸುಮ್ಮನಾಗುವವಳು. "ಅಕ್ಕ, ಡಾಕ್ಟರ ಹತ್ರ ಹೋಗಿದ್ದೆ. ನಂಗೆ ಆಟಿಸಂ ಇದೆಯಂತೆ," ಎಂದಳು. ಅವಳಿಗೆ ಆಗ ನಲವತ್ತೊಂದು ವರ್ಷ. ಎಂಜಿನಿಯರಿಂಗ್ ಓದಿ, ಹದಿನೆಂಟು ವರ್ಷ ದುಡಿದು, ಮದುವೆಯಾಗಿ, ಒಂದು ಮಗುವನ್ನು ಹೆತ್ತು ಸಾಕುತ್ತಿರುವವಳು. "ನಿಂಗಾ? ಸಾಧ್ಯವೇ ಇಲ್ಲ," ಎಂದುಬಿಟ್ಟೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಎಲ್ಲರೂ ಹಾಗೇ ಅಂತಾರೆ ಅಂತ ಗೊತ್ತಿತ್ತು ಬಿಡು," ಎಂದಳು.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಅವಳ ಕಷ್ಟ ಏನೆಂದು ಕೇಳುವ ಮೊದಲೇ ನಾನು ತೀರ್ಪು ಕೊಟ್ಟಿದ್ದೆ. ಆದರೆ ನನ್ನ ಅನುಮಾನ ಪೂರಾ ಅಜ್ಞಾನದಿಂದ ಬಂದದ್ದೂ ಆಗಿರಲಿಲ್ಲ. ಅರ್ಧ ಆಯುಸ್ಸು ಕಳೆದ ಮೇಲೆ, ದುಡಿದು ಸಂಸಾರ ಮಾಡುತ್ತಿರುವ ಮನುಷ್ಯರಿಗೆ ಇಂಥದೊಂದು ಹೆಸರು ಏನು ಕೊಡುತ್ತದೆ, ಏನು ಕಿತ್ತುಕೊಳ್ಳುತ್ತದೆ ಎಂಬ ಪ್ರಶ್ನೆಗೆ ಎರಡೂ ಕಡೆ ತೂಕದ ಮಾತುಗಳಿವೆ. ಆಮೇಲಿನ ದಿನಗಳಲ್ಲಿ ಅವಳ ಜೊತೆ ಮಾತಾಡುತ್ತ, ಓದುತ್ತ, ಆ ಮಾತುಗಳನ್ನು ತಕ್ಕಡಿಗೆ ಹಾಕಿ ನೋಡುತ್ತ ಬಂದೆ. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಮಾತ್ರ ಬೇಡ ಎಂದಿದ್ದಾಳೆ.

ಆಟಿಸಂ ಎಂದರೆ ನಮ್ಮಲ್ಲಿ ಹೆಚ್ಚಿನವರ ಕಣ್ಣೆದುರು ಬರುವುದು ಮಾತು ಬಾರದ, ಒಂದೇ ಕಡೆ ಕೂತು ಕೈ ಅಲ್ಲಾಡಿಸುವ ಪುಟ್ಟ ಹುಡುಗ. ಇದಕ್ಕೆ ಕಾರಣವಿದೆ. 1943ರಲ್ಲಿ ಅಮೆರಿಕದ ಬಾಲ್ಟಿಮೋರಿನ ಲಿಯೋ ಕ್ಯಾನರ್ ಮೊದಲು ವಿವರಿಸಿದ್ದು 11 ಮಕ್ಕಳನ್ನು. ಮರುವರ್ಷ ವಿಯೆನ್ನಾದ ಹಾನ್ಸ್ ಆಸ್ಪರ್ಗರ್ ಬರೆದದ್ದೂ ಹುಡುಗರ ಬಗ್ಗೆಯೇ. ಚೆನ್ನಾಗಿ ಮಾತಾಡುವ, ಆದರೆ ಓರಗೆಯವರ ಜೊತೆ ಬೆರೆಯಲಾರದ ಹುಡುಗರು. ಆ ಬರಹ ಜರ್ಮನ್ ಭಾಷೆಯಲ್ಲೇ ಹೂತುಹೋಗಿತ್ತು. 1981ರಲ್ಲಿ ಲಂಡನ್ನಿನ ಮನೋವೈದ್ಯೆ ಲೋರ್ನಾ ವಿಂಗ್ ಅದನ್ನು ಇಂಗ್ಲಿಷ್ ಓದುವ ವೈದ್ಯರಿಗೆ ಪರಿಚಯಿಸಿದರು. ವಿಂಗ್ ಸ್ವತಃ ಆಟಿಸಂ ಇದ್ದ ಮಗಳ ತಾಯಿ. 1994ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ 'ಆಸ್ಪರ್ಗರ್' ಬೇರೆಯೇ ಹೆಸರಾಗಿ ಸೇರಿತು. 2013ರಲ್ಲಿ ಅದನ್ನು ತೆಗೆದು ಎಲ್ಲವನ್ನೂ 'ಆಟಿಸಂ ಸ್ಪೆಕ್ಟ್ರಂ' ಎಂಬ ಒಂದೇ ಹರವಿನೊಳಗೆ ತಂದರು. ನನ್ನ ತಂಗಿ ಹುಟ್ಟಿದ್ದು 1983ರಲ್ಲಿ, ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಮಗ್ಗಿ ಪಟಪಟನೆ ಹೇಳುವ, ಶಾಲೆಗೆ ಮೊದಲಿಗಳಾಗುವ ಹುಡುಗಿಗೆ ಆಟಿಸಂ ಇರಬಹುದೆಂದು ಆ ಕಾಲದಲ್ಲಿ ಊಹಿಸಬಲ್ಲ ಮೇಷ್ಟರಾಗಲಿ, ಡಾಕ್ಟರಾಗಲಿ ಅಲ್ಲಿರಲಿಲ್ಲ. ಇಂದು ನಲವತ್ತು, ಐವತ್ತು ದಾಟಿ ಈ ಹೆಸರು ಪಡೆಯುತ್ತಿರುವವರೆಲ್ಲ 1994ರಲ್ಲಿ ಆ ಬಾಗಿಲು ತೆರೆಯುವ ಮೊದಲೇ ಶಾಲೆ ಸೇರಿದ್ದವರು.

ಹುಡುಗಿಯರ ವಿಷಯದಲ್ಲಿ ಇನ್ನೂ ಒಂದು ಪರದೆ ಇತ್ತು. ಕಡಿಮೆ ಮಾತಾಡುವ, ತಲೆ ತಗ್ಗಿಸಿ ನಡೆಯುವ, ಮೂಲೆಯಲ್ಲಿ ಪುಸ್ತಕ ಹಿಡಿದು ಕೂರುವ ಹುಡುಗಿಯನ್ನು ನಮ್ಮ ಮನೆಗಳಲ್ಲಿ 'ಒಳ್ಳೆ ಹುಡುಗಿ' ಎಂದರು. ಹುಡುಗನಲ್ಲಿ ಚಿಂತೆ ಹುಟ್ಟಿಸಬಹುದಾದ ಲಕ್ಷಣ ಹುಡುಗಿಯಲ್ಲಿ ಗುಣವಾಯಿತು. ಅದು ಕಷ್ಟವಾಗಿ ತೋರಿದ್ದು ಅವಳು ಸೊಸೆಯಾದ ಮೇಲೆ: ಬಂದವರನ್ನೆಲ್ಲ ಮಾತಾಡಿಸಬೇಕು, ಯಾರ ಮುಖದಲ್ಲಿ ಏನಿದೆ ಎಂದು ಓದಬೇಕು, ಆರತಕ್ಷತೆಯ ಗದ್ದಲದಲ್ಲಿ ನಾಲ್ಕು ಗಂಟೆ ನಗುತ್ತ ನಿಲ್ಲಬೇಕು. ಅವಳು ನಿಂತಳು. ನೆಂಟರು ಹೇಗೆ ನಗುತ್ತಾರೆ, ಎಷ್ಟು ಹೊತ್ತು ಕಣ್ಣು ನೋಡುತ್ತಾರೆ ಎಂದು ಪಾಠದಂತೆ ಕಲಿತು ನಿಂತಳು. ಇದನ್ನು ಮಾಸ್ಕಿಂಗ್ ಎನ್ನುತ್ತಾರೆ, ಅಂದರೆ ಮುಖವಾಡ ತೊಟ್ಟು ಬದುಕುವುದು. ಮನೆಗೆ ಬಂದ ಮೇಲೆ ಎರಡು ದಿನ ಕತ್ತಲೆ ಕೋಣೆಯಲ್ಲಿ ಮಲಗುತ್ತಿದ್ದಳೆಂಬುದು ಯಾರಿಗೂ ಗೊತ್ತಿರಲಿಲ್ಲ.

ಹೆಸರು ಬೇಕು ಎನ್ನುವವರ ವಾದದಲ್ಲಿ ನನಗೆ ಎಲ್ಲಕ್ಕಿಂತ ಬಲವಾಗಿ ಕಂಡದ್ದು ಇದು. ನಾವು 'ಯಾಕೆ ಹಣೆಪಟ್ಟಿ ಕಟ್ಟಿಕೊಳ್ಳುತ್ತೀಯಾ' ಎಂದು ಕೇಳುವಾಗ, ಅವಳ ಹಣೆ ಅಲ್ಲಿಯವರೆಗೆ ಖಾಲಿ ಇತ್ತು ಎಂದುಕೊಂಡಿರುತ್ತೇವೆ. ಹಾಗಿರಲಿಲ್ಲ. ಊರಲ್ಲಿ ಅವಳು 'ಜಂಬದವಳು', ಮಾತಾಡಿಸಿದರೆ ಮುಖ ನೋಡುವುದಿಲ್ಲ ಎಂದು. ಹಾಸ್ಟೆಲಿನಲ್ಲಿ 'ರೋಬೋಟ್'. ಗಂಡನ ಮನೆಯಲ್ಲಿ 'ಹೊಂದಿಕೊಂಡು ಹೋಗದವಳು'. ಇವೆಲ್ಲವನ್ನೂ ಕೂಡಿಸಿ ಅವಳು ತನಗೆ ತಾನೇ ಇಟ್ಟುಕೊಂಡ ಹೆಸರು 'ಕೆಟ್ಟವಳು'. ಹಾಗಾಗಿ ಅವಳ ಮುಂದಿದ್ದದ್ದು ಹೆಸರು ಬೇಕೋ ಬೇಡವೋ ಎಂಬ ಪ್ರಶ್ನೆಯಲ್ಲ. ಯಾವ ಹೆಸರು ನಿಜಕ್ಕೆ ಹತ್ತಿರ ಎಂಬ ಪ್ರಶ್ನೆ. ಸ್ಕಾಟ್ಲೆಂಡಿನ ಗಾಯಕಿ ಸೂಸನ್ ಬಾಯ್ಲ್ ಅವರಿಗೆ, ಹುಟ್ಟುವಾಗಲೇ ಮಿದುಳಿಗೆ ಪೆಟ್ಟಾಗಿದೆ ಎಂದು ಚಿಕ್ಕಂದಿನಲ್ಲಿ ಹೇಳಿದ್ದರು. ಆ ಮಾತನ್ನು ಹೊತ್ತು ಐವತ್ತು ವರ್ಷ ಬದುಕಿದ ಮೇಲೆ ಅದು ಆಸ್ಪರ್ಗರ್ ಎಂದು ತಿಳಿಯಿತು. 2013ರಲ್ಲಿ ಅದನ್ನು ಬಹಿರಂಗಪಡಿಸುತ್ತ ಅವರು ಹೇಳಿಕೊಂಡದ್ದು ನಿರಾಳವಾಯಿತು ಎಂದೇ. ತಪ್ಪು ಹೆಸರೊಂದು ಕಳಚಿ ಬಿದ್ದ ನಿರಾಳ ಅದು.

ಎರಡನೆಯದು ಚಿಕಿತ್ಸೆಯ ಮಾತು. ನನ್ನ ತಂಗಿ ಈ ಮೊದಲು ಎರಡು ಸಲ ಖಿನ್ನತೆಗೆ ಔಷಧಿ ತೆಗೆದುಕೊಂಡಿದ್ದಳು. ಪ್ರತಿ ಸಲವೂ ಕೌನ್ಸೆಲಿಂಗಿನಲ್ಲಿ ಸಿಕ್ಕ ಸಲಹೆ: ಒಬ್ಬರೇ ಕೂರಬೇಡಿ, ಜನರ ಜೊತೆ ಬೆರೆಯಿರಿ. ಖಿನ್ನತೆಗೆ ಅದು ಒಳ್ಳೆಯ ಸಲಹೆಯೇ. ಆದರೆ ಜನರ ಜೊತೆ ಬೆರೆತೂ ಬೆರೆತೂ ದಣಿದು ಕುಸಿದವಳಿಗೆ ಅದು ಉರಿಯುವ ಒಲೆಗೆ ಇನ್ನೊಂದು ಕೊಳ್ಳಿ ಇಟ್ಟಂತೆ. ಈಗಿನ ವೈದ್ಯರು ಹೇಳಿದ್ದು ಬೇರೆ: ಗದ್ದಲದ ದಿನದ ಮರುದಿನ ಖಾಲಿ ಇಟ್ಟುಕೊಳ್ಳಿ, ಆಫೀಸಿನಲ್ಲಿ ಕೆಲಸವನ್ನು ಬರಹದಲ್ಲಿ ಕೇಳಿ ಪಡೆಯಿರಿ, ಒಂಟಿತನವನ್ನೂ ಏಕಾಂತವನ್ನೂ ಒಂದೇ ಎಂದುಕೊಳ್ಳಬೇಡಿ. ಔಷಧಿ ನಿಂತಿಲ್ಲ, ಆದರೆ ದಿನದ ಲೆಕ್ಕಾಚಾರ ಬದಲಾಗಿದೆ.

ಇದು ಜೀವದ ಪ್ರಶ್ನೆಯೂ ಹೌದು. ಇಂಗ್ಲೆಂಡಿನ ಕೇಂಬ್ರಿಜ್‌ನ ಒಂದು ಕ್ಲಿನಿಕ್ಕಿನಲ್ಲಿ ದೊಡ್ಡವರಾದ ಮೇಲೆ ಆಸ್ಪರ್ಗರ್ ಎಂದು ಗುರುತಿಸಲ್ಪಟ್ಟ 374 ಜನರ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ. 66ರಷ್ಟು ಜನ ಬದುಕಿನಲ್ಲಿ ಎಂದಾದರೂ ಆತ್ಮಹತ್ಯೆಯ ಯೋಚನೆ ಬಂದಿತ್ತೆಂದರು, ಶೇ. 35ರಷ್ಟು ಜನ ಅದಕ್ಕೆ ತಯಾರಿ ಇಲ್ಲವೇ ಪ್ರಯತ್ನ ಮಾಡಿದ್ದೆವೆಂದರು. ಹೆಸರಿಲ್ಲದೆ ಇಷ್ಟು ವರ್ಷ ಬದುಕಿದವರ ಹೊರೆ ಎಷ್ಟೆಂಬುದಕ್ಕೆ ಇದು ಸಾಕ್ಷಿ. ಹೆಸರು ಸಿಕ್ಕ ಕೂಡಲೇ ಆ ಹೊರೆ ಇಳಿಯುತ್ತದೆ ಎಂಬುದಕ್ಕೆ ಮಾತ್ರ ಇದು ಸಾಕ್ಷಿಯಲ್ಲ. ಎರಡನ್ನೂ ಒಟ್ಟಿಗೆ ನೆನಪಿಟ್ಟುಕೊಳ್ಳಬೇಕು.

ಮೂರನೆಯದು ಕಾನೂನು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಇದೆ. ಶೇ. 40 ಅಥವಾ ಹೆಚ್ಚು ಎಂದು ಪ್ರಮಾಣಪತ್ರ ಸಿಕ್ಕವರಿಗೆ ಸರ್ಕಾರಿ ನೌಕರಿಯ ಶೇ. 4ರ ಮೀಸಲಾತಿ ಅನ್ವಯಿಸುತ್ತದೆ, ಅದರಲ್ಲಿ ಶೇ. 1 ಆಟಿಸಂ, ಬೌದ್ಧಿಕ ಅಸಾಮರ್ಥ್ಯ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ ಮುಂತಾದವುಗಳಿಗೆ ಒಟ್ಟಾಗಿ ಸೇರಿದ್ದು. ಖಾಸಗಿ ಕ್ಷೇತ್ರದಲ್ಲೂ ಅಲ್ಲಲ್ಲಿ ಬಾಗಿಲು ತೆರೆದಿದೆ. ಸ್ಯಾಪ್ ಎಂಬ ಸಾಫ್ಟ್‌ವೇರ್ ಕಂಪನಿ 2013ರಲ್ಲಿ ಆಟಿಸಂ ಇರುವವರನ್ನು ಜಗತ್ತಿನಾದ್ಯಂತ ನೇಮಿಸಿಕೊಳ್ಳುವ ಯೋಜನೆ ಪ್ರಕಟಿಸಿದಾಗ, ಅದರ ಮೊದಲ ಪ್ರಯೋಗ ನಡೆದ ಊರುಗಳಲ್ಲಿ ನಮ್ಮ ಬೆಂಗಳೂರೂ ಒಂದು. ಇಂಥ ಯಾವ ಬಾಗಿಲನ್ನು ತಟ್ಟಬೇಕಾದರೂ ಕೈಯಲ್ಲಿ ಹೆಸರು ಬೇಕು.

ಇನ್ನು ಎದುರು ತಟ್ಟೆ. ಇದೂ ಹಗುರವಲ್ಲ.

ಮೊದಲ ಅನುಮಾನ ನಿರ್ಣಯದ ಖಚಿತತೆಯದು. ಆಟಿಸಂಗೆ ರಕ್ತಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ನಡವಳಿಕೆಯನ್ನು ನೋಡಿ, ಬಾಲ್ಯದ ಚರಿತ್ರೆಯನ್ನು ಕೇಳಿ ನಿರ್ಧರಿಸಬೇಕು. ಲಕ್ಷಣಗಳು ಎಳವೆಯಲ್ಲೇ ಇದ್ದಿರಬೇಕೆಂಬುದು ನಿಯಮ. ಮಗುವಾದರೆ ಕಣ್ಣೆದುರೇ ಇರುತ್ತದೆ. ನಲವತ್ತು ದಾಟಿದವರ ಎಳವೆ ಎಲ್ಲಿದೆ? ತಾಯಿ ಇದ್ದರೆ ಅವರ ನೆನಪಿನಲ್ಲಿ. ಇಲ್ಲದಿದ್ದರೆ ತನ್ನದೇ ನೆನಪಿನಲ್ಲಿ. ಇಂದಿನ ಪ್ರಶ್ನೆಗೆ ತಕ್ಕಂತೆ ಅಂದಿನ ನೆನಪು ರೂಪ ಬದಲಿಸುವುದು ಎಲ್ಲರಲ್ಲೂ ಇದೆ. ಸಾಮಾಜಿಕ ಆತಂಕ, ಎಡಿಎಚ್‌ಡಿ, ಚಿಕ್ಕಂದಿನಲ್ಲಿ ಅನುಭವಿಸಿದ ಹಿಂಸೆ ಬಿಟ್ಟುಹೋದ ಗಾಯ ಎಲ್ಲವೂ ಹೊರಗಿನಿಂದ ಒಂದೇ ತರಹ ಕಾಣಬಲ್ಲವು. ನಮ್ಮ ದೇಶದಲ್ಲಿ ಸಿದ್ಧಪಡಿಸಿದ ಅಳತೆಗೋಲುಗಳಲ್ಲೂ ಮಕ್ಕಳೇ ಮುಂದೆ: ಇನ್‌ಕ್ಲೆನ್ ಎಂಬ ಸಂಶೋಧಕರ ತಂಡ ರೂಪಿಸಿದ ಪ್ರಶ್ನಾವಳಿ 2ರಿಂದ 9 ವರ್ಷದವರಿಗೆ. ದೊಡ್ಡವರನ್ನು ನೋಡಿ ಪಳಗಿದ ವೈದ್ಯರು ನಿಮ್ಹಾನ್ಸ್ ಇರುವ ಬೆಂಗಳೂರಿನಲ್ಲೇ ಕಡಿಮೆ; ಯಾದಗಿರಿಯಲ್ಲೋ ಚಾಮರಾಜನಗರದಲ್ಲೋ ಇರುವವರ ಪಾಡು ಹೇಳಬೇಕಿಲ್ಲ.

ಈ ಕೊರತೆಯನ್ನು ತುಂಬುತ್ತಿರುವುದು ಮೊಬೈಲಿನ ಪರೀಕ್ಷೆಗಳು. ಅವುಗಳಲ್ಲಿ ಹೆಸರಾದದ್ದು ಕೇಂಬ್ರಿಜ್‌ನ ಸೈಮನ್ ಬ್ಯಾರನ್-ಕೋಹೆನ್ ತಂಡ 2001ರಲ್ಲಿ ಪ್ರಕಟಿಸಿದ 'ಎಕ್ಯೂ' ಎಂಬ 50 ಪ್ರಶ್ನೆಗಳ ಪರೀಕ್ಷೆ. ಆಟಿಸಂ ಇದ್ದವರಲ್ಲಿ ಶೇ. 80 ಜನ, ಉಳಿದವರಲ್ಲಿ ಶೇ. 2 ಜನ ಮಾತ್ರ 32 ಅಥವಾ ಹೆಚ್ಚು ಅಂಕ ಪಡೆದರು. ಕೇಳಿದರೆ ಬಹಳ ಖಚಿತ ಅನ್ನಿಸುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. ಒಂದು ಊರಿನ 1,000 ಜನರಲ್ಲಿ ನೂರಕ್ಕೆ ಒಬ್ಬರಂತೆ 10 ಜನರಿಗೆ ಆಟಿಸಂ ಇದೆ ಎನ್ನೋಣ. ಅವರಲ್ಲಿ 8 ಜನ 32 ಮುಟ್ಟುತ್ತಾರೆ. ಉಳಿದ 990 ಜನರಲ್ಲಿ ನೂರಕ್ಕೆ ಇಬ್ಬರಂತೆ ಸುಮಾರು 20 ಜನರೂ ಮುಟ್ಟುತ್ತಾರೆ. ಅಂದರೆ 32 ಮುಟ್ಟಿದ 28 ಜನರಲ್ಲಿ ನಿಜವಾಗಿ ಆಟಿಸಂ ಇರುವವರು 8 ಮಾತ್ರ. ಪರೀಕ್ಷೆ ಕೆಟ್ಟದ್ದೆಂದು ಇದರ ಅರ್ಥವಲ್ಲ. ಮೊದಲೇ ಅನುಮಾನವಿದ್ದು ಬರೆಯುವವರಲ್ಲಿ ಈ ಪ್ರಮಾಣ ಬೇರೆಯೇ ಇರುತ್ತದೆ. ಆದರೂ ಅದು ಡಾಕ್ಟರ ಬಳಿಗೆ ಹೋಗಬೇಕೇ ಎಂದು ಯೋಚಿಸಲು ಇರುವ ಪರೀಕ್ಷೆ, ಹೆಸರನ್ನು ಅಂಟಿಸಿಕೊಳ್ಳಲು ಇರುವುದಲ್ಲ.

ಎರಡನೆಯ ಆಕ್ಷೇಪ ಇನ್ನೂ ಆಳದ್ದು. ಬ್ರಿಟನ್ನಿನ ನರವೈದ್ಯೆ ಸುಝಾನ್ ಒ'ಸಲಿವನ್ ತಮ್ಮ 2025ರ ಪುಸ್ತಕದಲ್ಲಿ, ಹೆಸರುಗಳ ಗಡಿಯನ್ನು ಹಿಗ್ಗಿಸುತ್ತ ಹೋದರೆ ಸೌಮ್ಯ ಲಕ್ಷಣ ಇರುವವರಿಗೆ ಒಳ್ಳೆಯದಕ್ಕಿಂತ ಕೆಟ್ಟದ್ದೇ ಆಗಬಹುದೆಂದು ವಾದಿಸಿದ್ದಾರೆ. ಕೆನಡಾದ ತತ್ವಶಾಸ್ತ್ರಜ್ಞ ಇಯಾನ್ ಹ್ಯಾಕಿಂಗ್ ಬಹಳ ಹಿಂದೆಯೇ ಗಮನಿಸಿದ್ದ ಸಂಗತಿಯೊಂದಿದೆ: ಕಲ್ಲಿಗೆ ಹೆಸರಿಟ್ಟರೆ ಕಲ್ಲು ಬದಲಾಗುವುದಿಲ್ಲ, ಮನುಷ್ಯರಿಗೆ ಹೆಸರಿಟ್ಟರೆ ಆ ಹೆಸರನ್ನು ಕೇಳಿ ಅವರೇ ಬದಲಾಗುತ್ತಾರೆ. 'ನನಗೆ ಇದು ಕಷ್ಟ' ಎನ್ನುವುದು 'ನಾನು ಇದನ್ನು ಮಾಡಲಾರದವಳು' ಎಂದಾಗಲು ಹೆಚ್ಚು ದಿನ ಬೇಡ. ನನ್ನ ತಂಗಿಯಲ್ಲೂ ಮೊದಲ ಕೆಲವು ತಿಂಗಳು ಇದನ್ನು ಕಂಡೆ. ಹಿಂದೆ ಹೇಗೋ ನಿಭಾಯಿಸುತ್ತಿದ್ದ, ಬ್ಯಾಂಕಿಗೆ ಹೋಗಿಬರುವಂಥ ಕೆಲಸವನ್ನೂ ಅವಳು ಬಿಟ್ಟುಬಿಟ್ಟಳು. ಅದನ್ನು ಸೋಲೆಂದು ನೋಡಬೇಕೋ, ಕೊನೆಗೂ ಸಿಕ್ಕ ವಿಶ್ರಾಂತಿಯೆಂದು ನೋಡಬೇಕೋ, ನನಗೆ ತಿಳಿಯಲಿಲ್ಲ. ಅವಳು ಎರಡೂ ಹೌದು ಎನ್ನುತ್ತಾಳೆ.

ಮೂರನೆಯದು ಹೇಳಲು ಕಷ್ಟವಾದ ಮಾತು, ಆದರೆ ಹೇಳದೆ ಬಿಟ್ಟರೆ ಈ ತೂಕ ಸುಳ್ಳಾಗುತ್ತದೆ. ಮಾತೇ ಬಾರದ, ತಾನಾಗಿ ಊಟ ಸ್ನಾನ ಮಾಡಲಾರದ ಇಪ್ಪತ್ತೈದು ವರ್ಷದ ಮಗನ ಪಕ್ಕ ರಾತ್ರಿಯಿಡೀ ಎದ್ದಿರುವ ತಾಯಂದಿರು ನಮ್ಮ ನಡುವೆ ಇದ್ದಾರೆ. 'ನಾವು ಹೋದ ಮೇಲೆ ಇವನನ್ನು ಯಾರು ನೋಡಿಕೊಳ್ಳುತ್ತಾರೆ' ಎಂಬುದು ಅವರು ನಿತ್ಯ ಮಲಗುವ ಮುನ್ನ ಕೇಳಿಕೊಳ್ಳುವ ಪ್ರಶ್ನೆ. ವೇದಿಕೆಯಲ್ಲಿ ನಿಂತು ನಿರರ್ಗಳವಾಗಿ ಮಾತಾಡುವವರೂ ತಮ್ಮ ಮಗನೂ ಒಂದೇ ಹೆಸರಿನಡಿ ಬಂದಾಗ, ಮಗನ ಕಷ್ಟ ಯಾರ ಕಣ್ಣಿಗೂ ಬೀಳದೇ ಹೋಗುತ್ತದೆ ಎಂಬ ಅವರ ಭಯ ನ್ಯಾಯವಾದದ್ದು. ದಿನವಿಡೀ ಆರೈಕೆ ಬೇಕಾದವರಿಗೆ 'ಪ್ರೊಫೌಂಡ್ ಆಟಿಸಂ', ಅಂದರೆ ತೀವ್ರ ಆಟಿಸಂ, ಎಂಬ ಬೇರೆ ಹೆಸರು ಬೇಕೆಂದು ಲ್ಯಾನ್ಸೆಟ್ ಪತ್ರಿಕೆ ನೇಮಿಸಿದ ತಜ್ಞರ ಆಯೋಗ 2021ರಲ್ಲಿ ಸೂಚಿಸಿದ್ದೂ ಈ ಕಾರಣಕ್ಕೇ. ಆದರೆ ಒಬ್ಬರ ಕಷ್ಟವನ್ನು ಒಪ್ಪಿಕೊಳ್ಳಲು ಇನ್ನೊಬ್ಬರ ಕಷ್ಟವನ್ನು ಸುಳ್ಳೆನ್ನಬೇಕಾಗಿಲ್ಲ. ಮೊಣಕಾಲು ನೋವಿನವರು ನೋವೆಂದರೆ ಹಾಸಿಗೆ ಹಿಡಿದವರಿಗೆ ಅವಮಾನವಾಗುವುದಿಲ್ಲ. ಆಸ್ಪತ್ರೆಯಲ್ಲಿ ಹಾಸಿಗೆ ಯಾರಿಗೆ ಮೊದಲು ಸಿಗಬೇಕು ಎಂಬಲ್ಲಿ ಮಾತ್ರ ಎಚ್ಚರ ಬೇಕು.

ನಾಲ್ಕನೆಯದು ಕಾಗದದ ಅಪಾಯ. 1955ರ ಹಿಂದೂ ವಿವಾಹ ಕಾಯ್ದೆಯ 13ನೇ ಸೆಕ್ಷನ್ ವಿಚ್ಛೇದನದ ಕಾರಣಗಳಲ್ಲಿ ಮಾನಸಿಕ ಅಸ್ವಸ್ಥತೆಯನ್ನು ಸೇರಿಸಿದೆ. ಅದರ ವಿವರಣೆಯೊಳಗೆ ಮನಸ್ಸಿನ ಬೇರೆ ಯಾವುದೇ ಅಸ್ವಸ್ಥತೆ, ನ್ಯೂನತೆಯೂ ಬರುತ್ತದೆ. ಜೊತೆಯಲ್ಲಿ ಬಾಳಲಾಗದಷ್ಟು ಇದೆ ಎಂದು ತೋರಿಸಬೇಕೆಂಬ ಷರತ್ತಿದೆ ನಿಜ. ಆದರೆ ಮೊದಲೇ ಬಿರುಕು ಬಿಟ್ಟ ಸಂಸಾರದಲ್ಲಿ ಡಾಕ್ಟರ ಸಹಿ ಇರುವ ಒಂದು ಹಾಳೆ ಯಾವ ಕೈಯಲ್ಲಿ ಏನಾಗುತ್ತದೆ ಎಂದು ಮೊದಲೇ ಹೇಳಬಲ್ಲವರಿಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡಿನಂಥ ದೇಶಗಳು ವಲಸೆ ಬರುವವರ ಆರೋಗ್ಯದ ಖರ್ಚನ್ನು ಲೆಕ್ಕ ಹಾಕಿಯೇ ವೀಸಾ ಕೊಡುತ್ತವೆ. ಮನೆಯಲ್ಲಿ ಮದುವೆಗೆ ಬಂದ ತಂಗಿಯೋ ತಮ್ಮನೋ ಇದ್ದರೆ ಸುದ್ದಿ ಅಲ್ಲಿಗೂ ಮುಟ್ಟುತ್ತದೆ. ಇಷ್ಟೆಲ್ಲ ಆಗಿ ಪ್ರಮಾಣಪತ್ರವಾದರೂ ಸಿಗುವುದೇ ಎಂದರೆ ಅದೂ ಸುಲಭವಲ್ಲ. ನಮ್ಮಲ್ಲಿ ಅದಕ್ಕೆ ಬಳಸುವ ಇಸಾ ಮಾಪನದಲ್ಲಿ 40 ಅಂಶಗಳಿವೆ, ಒಂದೊಂದಕ್ಕೂ 1ರಿಂದ 5 ಅಂಕ, ಒಟ್ಟು 70 ಬಂದರೆ ಆಟಿಸಂ. ಕಣ್ಣು ತಪ್ಪಿಸುವುದು, ಹೇಳಿದ್ದನ್ನೇ ಹೇಳುವುದು ಮುಂತಾದ ಹೊರಗೆ ಕಾಣುವ ಲಕ್ಷಣಗಳನ್ನು ಅದು ಎಣಿಸುತ್ತದೆ. ಇಡೀ ಬದುಕು ಅವನ್ನು ಅಡಗಿಸಲು ಕಲಿತವರು ಅದರಲ್ಲಿ ಫೇಲಾಗುವ ಸಾಧ್ಯತೆಯೇ ಹೆಚ್ಚು. ಅಪಾಯ ಪೂರ್ತಿ, ಸೌಲಭ್ಯ ಶೂನ್ಯ ಎಂಬ ಸ್ಥಿತಿ ಅದು. ಇನ್ನು ಆಟಿಸಂನ ಮೂಲ ಲಕ್ಷಣಗಳಿಗೆ ಔಷಧಿ ಎಂಬುದಂತೂ ಇಲ್ಲ.

ಹೀಗೆ ತೂಗುವಾಗ ನಮ್ಮ ಊರ ಕಡೆಯ ಹಿರಿಯರು ಇನ್ನೊಂದು ಮಾತು ಸೇರಿಸುತ್ತಾರೆ. 'ಮೊದಲೂ ಇಂಥವರಿದ್ದರಲ್ಲ. ಯಾವ ಹೆಸರೂ ಇಲ್ಲದೆ ಚೆನ್ನಾಗಿಯೇ ಇದ್ದರಲ್ಲ.' ಈ ಮಾತು ಕೇಳಿದಾಗ ನನಗೆ ಚಿಕ್ಕಪ್ಪ ನೆನಪಾಗುತ್ತಾರೆ, ಆ ತಂಗಿಯ ಅಪ್ಪ. ಅವರು ತೀರಿಕೊಂಡು ಹದಿನೈದು ವರ್ಷವಾಯಿತು. ಸತ್ತವರಿಗೆ ಡಾಕ್ಟರಲ್ಲದ ನಾನು ಹೆಸರಿಡುವುದು ತಪ್ಪು, ಇಡುವುದಿಲ್ಲ. ಕಂಡದ್ದನ್ನಷ್ಟೇ ಹೇಳುತ್ತೇನೆ. ಶಿವಮೊಗ್ಗ, ಕೊಪ್ಪ, ಶೃಂಗೇರಿ ಕಡೆ ಹೋಗುವ ಪ್ರತಿ ಬಸ್ಸಿನ ಹೊತ್ತೂ ಅವರಿಗೆ ಬಾಯಿಪಾಠ. ತೋಟದ ಒಂದೊಂದು ಅಡಿಕೆ ಮರದ ಇಳುವರಿ ಮೂವತ್ತು ವರ್ಷದ ಪುಸ್ತಕಗಳಲ್ಲಿ ಇತ್ತು. ಬೆಳಿಗ್ಗೆ ಅದೇ ತಟ್ಟೆ, ಅದೇ ಜಾಗ, ಅದೇ ಮೂರು ದೋಸೆ. ಮನೆಯಲ್ಲಿ ಮದುವೆಯಾಗಿ ವಾಲಗ ಶುರುವಾದರೆ ಅವರು ಕೊಟ್ಟಿಗೆಗೆ ಹೋಗಿ ದನದ ಪಕ್ಕ ಕೂರುತ್ತಿದ್ದರು. 'ಅವರು ಒಂಥರಾ' ಎಂದು ಊರು ಒಪ್ಪಿಕೊಂಡಿತ್ತು. ತೋಟವಿತ್ತು, ಲೆಕ್ಕದ ಪುಸ್ತಕವಿತ್ತು, ಕೊಟ್ಟಿಗೆ ಇತ್ತು. ಅವರ ಸ್ವಭಾವಕ್ಕೆ ಒಪ್ಪುವ ಜಾಗ ಆ ಬದುಕಿನಲ್ಲೇ ಇತ್ತು. ಇಂದಿನ ತೆರೆದ ಆಫೀಸುಗಳಲ್ಲಿ, ದಿನಕ್ಕೆ ಆರು ಮೀಟಿಂಗುಗಳ ನಡುವೆ ನನ್ನ ತಂಗಿಗೆ ಕೊಟ್ಟಿಗೆ ಇಲ್ಲ. ಹಿರಿಯರ ಮಾತಿನಲ್ಲಿ ಇಷ್ಟು ಸತ್ಯವಿದೆ.

ಆದರೆ ಆ ಒಪ್ಪಿಗೆಯ ಖರ್ಚನ್ನು ತೆತ್ತವರು ಯಾರು? 'ಮದುವೆ ಮಾಡಿದರೆ ಸರಿಹೋಗುತ್ತಾನೆ' ಎಂದು ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳನ್ನು ತಂದು ಆ ಮನೆಗೆ ಸೇರಿಸಿದ್ದರು. ಬಂದವರಿಗೆಲ್ಲ 'ಅವರಿಗೆ ತಲೆನೋವು, ಮಲಗಿದ್ದಾರೆ' ಎಂದು ಸುಳ್ಳು ಹೇಳಿದ್ದು ಚಿಕ್ಕಮ್ಮ. ತವರಿಗೆ ಒಬ್ಬರೇ ಹೋಗಿದ್ದು ಚಿಕ್ಕಮ್ಮ. ಗಂಡ ತನ್ನ ಮುಖ ನೋಡಿ ಮಾತಾಡದ್ದಕ್ಕೆ ಕಾರಣ ತಾನೇ ಇರಬೇಕೆಂದು ಅತ್ತಿದ್ದೂ ಅವರೇ. ಹೆಸರಿಲ್ಲದ ಬದುಕು 'ಚೆನ್ನಾಗಿತ್ತು' ಎನ್ನುವವರು ಅಡುಗೆಮನೆಯ ಕಡೆಯ ಲೆಕ್ಕವನ್ನು ಸೇರಿಸಿ ಹೇಳಬೇಕು.

ಇಷ್ಟು ದಿನ ಎರಡೂ ತಟ್ಟೆ ನೋಡಿದ ಮೇಲೆ ನನಗೆ ಅನ್ನಿಸಿದ್ದು, ನಾವು ಮೂರು ಬೇರೆಬೇರೆ ಪ್ರಶ್ನೆಗಳನ್ನು ಒಂದೇ ಗಂಟು ಕಟ್ಟಿ ತೂಗುತ್ತಿದ್ದೇವೆ ಎಂದು. ತಿಳಿದುಕೊಳ್ಳುವುದು ಒಂದು. ಕಾಗದದಲ್ಲಿ ಬರೆಸಿಕೊಳ್ಳುವುದು ಇನ್ನೊಂದು. ಬೇರೆಯವರಿಗೆ ಹೇಳುವುದು ಮತ್ತೊಂದು. ತಿಳಿದುಕೊಳ್ಳುವ ವಿಷಯದಲ್ಲಿ ನನ್ನ ತಕ್ಕಡಿ 'ಹೌದು' ಕಡೆಗೆ ವಾಲುತ್ತದೆ, ಅದರಲ್ಲೂ ಮತ್ತೆ ಮತ್ತೆ ಖಿನ್ನತೆಗೆ ಬೀಳುವವರಿಗೆ, ಕೆಲಸ ಸಂಸಾರಗಳಲ್ಲಿ ಒಂದೇ ಜಾಗದಲ್ಲಿ ಎಡವುತ್ತಿರುವವರಿಗೆ. ಆದರೆ ಅದು ಬಾಲ್ಯದಿಂದ ಎಲ್ಲವನ್ನೂ ಕೇಳಿ, ಬೇರೆ ಸಾಧ್ಯತೆಗಳನ್ನೂ ನೋಡಿ, ಬೇಕಾದರೆ 'ಇದು ಆಟಿಸಂ ಅಲ್ಲ' ಎಂದು ಹೇಳುವ ಧೈರ್ಯವಿರುವ ವೈದ್ಯರಿಂದ ಬರಬೇಕು. ಬದುಕು ನೆಮ್ಮದಿಯಾಗಿ ಸಾಗುತ್ತಿದ್ದು ಬರೀ ಕುತೂಹಲ ಇರುವವರಿಗೆ ಓದು, ತಮ್ಮಂಥವರ ಜೊತೆಗಿನ ಮಾತುಕತೆಯೇ ಸಾಕಾಗಬಹುದು. ಪ್ರಮಾಣಪತ್ರ ಬೇಕೇ ಎಂಬುದಕ್ಕೆ ಉತ್ತರ ಅವರವರ ಕಾಗದಪತ್ರಗಳಲ್ಲಿದೆ: ಸರ್ಕಾರಿ ನೌಕರಿಗೆ ಪ್ರಯತ್ನಿಸುವ ಯುವಕನಿಗೆ ಅದು ಬಾಗಿಲು, ವಿಚ್ಛೇದನದ ಅಂಚಿನಲ್ಲಿರುವ ಹೆಂಗಸಿಗೆ ಅದು ಕತ್ತಿಯಾಗಬಹುದು. ನನ್ನ ತಂಗಿ ಅದನ್ನು ಮಾಡಿಸಲಿಲ್ಲ. ಆಫೀಸಿನಲ್ಲಿ ತನ್ನ ಮ್ಯಾನೇಜರ್ ಒಬ್ಬರಿಗೆ ಮಾತ್ರ ಹೇಳಿದಳು. ಅತ್ತೆಯ ಮನೆಯಲ್ಲಿ ಇನ್ನೂ ಹೇಳಿಲ್ಲ. ಯಾಕೆ ಹೇಳಲಿಲ್ಲ ಎಂದು ಕೇಳುವ ಹಕ್ಕು ನಮಗ್ಯಾರಿಗೂ ಇಲ್ಲ.

ಮತ್ತೊಂದು ಮಾತು. ಆ ಮ್ಯಾನೇಜರ್ ಅವಳಿಗೆ ಕೊಟ್ಟದ್ದೇನು? ಗೋಡೆ ಬದಿಯ ಕುರ್ಚಿ, ಮೀಟಿಂಗಿಗೆ ಮೊದಲು ವಿಷಯದ ಪಟ್ಟಿ, ಕೆಲಸ ಬದಲಾದರೆ ಒಂದು ದಿನ ಮೊದಲೇ ಸೂಚನೆ. ಇವುಗಳಿಗೆ ಡಾಕ್ಟರ ಸಹಿ ಯಾಕೆ ಬೇಕು? ಶಾಲೆ, ಆಫೀಸು, ಬ್ಯಾಂಕು, ಆಸ್ಪತ್ರೆಗಳು ಇಷ್ಟನ್ನು ಕೇಳಿದವರಿಗೆಲ್ಲ ಕೊಟ್ಟರೆ, ಹೆಸರಿನ ಮೇಲೆ ಬಿದ್ದಿರುವ ಅರ್ಧ ಭಾರ ಇಳಿಯುತ್ತದೆ. ಇಂಥ ಸಣ್ಣ ಅನುಕೂಲಕ್ಕೂ ಹೆಸರು ಬೇಕಾದ ಕಡೆ ಜನ ಹೆಸರನ್ನು ಹುಡುಕಿಕೊಂಡು ಬಂದೇ ಬರುತ್ತಾರೆ. ಅವರನ್ನು ದೂರಿ ಫಲವಿಲ್ಲ.

ನಮ್ಮ ಪದಗಳ ಬಗ್ಗೆಯೂ ಯೋಚಿಸಬೇಕು. 'ರೋಗನಿರ್ಣಯ' ಎನ್ನುತ್ತೇವೆ, ಆ ಪದದ ಬಾಗಿಲಲ್ಲೇ ರೋಗ ಕೂತಿದೆ. ಆಟಿಸಂಗೆ 'ಸ್ವಲೀನತೆ' ಎಂದಿದ್ದೇವೆ, ತನ್ನಲ್ಲೇ ಲೀನವಾಗಿರುವುದು ಎಂದು. ನನ್ನ ತಂಗಿಯ ಪಾಡು ಅದಕ್ಕೆ ತಿರುಗುಮುರುಗು. ಟ್ಯೂಬ್‌ಲೈಟಿನ ಗುಂಯ್‌ಗುಟ್ಟುವಿಕೆ, ಕುಕ್ಕರಿನ ಸೀಟಿ, ಸೀರೆಯ ಜರಿಯ ಚುಚ್ಚುವಿಕೆ, ಎದುರಿಗಿರುವವರ ದನಿಯ ಏರಿಳಿತ, ಎಲ್ಲವೂ ಒಮ್ಮೆಗೇ ಅವಳೊಳಗೆ ನುಗ್ಗುತ್ತವೆ. ಲೋಕವನ್ನು ಹೊರಗಿಡಲಾಗದ ಕಷ್ಟ ಅವಳದು.

ನಿರ್ಣಯದ ಹೊತ್ತಿಗೆ ಮನಶ್ಶಾಸ್ತ್ರಜ್ಞೆ ಚಿಕ್ಕಮ್ಮನ ಜೊತೆ ವೀಡಿಯೊ ಕರೆಯಲ್ಲಿ ಎರಡು ಗಂಟೆ ಮಾತಾಡಿದ್ದರು. ಎಷ್ಟು ವಯಸ್ಸಿಗೆ ಮಾತು ಬಂತು, ಬೆರಳು ಚಾಚಿ ಏನನ್ನಾದರೂ ತೋರಿಸುತ್ತಿದ್ದಳೇ, ಬೇರೆ ಮಕ್ಕಳ ಆಟಕ್ಕೆ ಸೇರುತ್ತಿದ್ದಳೇ. ಎಷ್ಟೋ ಪ್ರಶ್ನೆಗೆ ಚಿಕ್ಕಮ್ಮ ಕೊಟ್ಟ ಉತ್ತರ ಒಂದೇ: "ಅವರಪ್ಪನ ಥರಾನೇ." ಹೋದ ಸುಗ್ಗಿಯಲ್ಲಿ ಊರಿಗೆ ಹೋದಾಗ ಅಂಗಳದಲ್ಲಿ ಅಡಿಕೆ ಸುಲಿಯುತ್ತ ಕೂತಿದ್ದ ಅವರ ಪಕ್ಕ ಕೂತೆ. ಸ್ವಲ್ಪ ಹೊತ್ತಿನ ಮೇಲೆ ಅವರೇ ಶುರುಮಾಡಿದರು.

"ನೋಡೇ, ನನ್ನ ಮೇಲಿನ ಸಿಟ್ಟಿಗೇ ಮುಖ ತಿರುಗಿಸ್ತಾರೆ ಅಂತ ಅಷ್ಟೂ ವರ್ಷ ತಿಳ್ಕೊಂಡಿದ್ದೆ. ಅವರಿಗೆ ಹಾಗಿತ್ತೋ ಇಲ್ವೋ ಈಗ ಯಾರು ಹೇಳ್ತಾರೆ. ಆದ್ರೆ ಬೇಕಂತ ಮಾಡಿರ್ಲಿಕ್ಕಿಲ್ಲ ಅಂತ ಆಯ್ತಲ್ಲ."

"ಸಮಾಧಾನ ಆಯ್ತಾ ಚಿಕ್ಕಮ್ಮ?" ಎಂದೆ.

"ಸಮಾಧಾನವೂ ಆಯ್ತು, ಸಂಕಟವೂ ಆಯ್ತು. ಮೊದಲೇ ಗೊತ್ತಿದ್ರೆ ಅಷ್ಟು ಜಗಳ ಆಡ್ತಿರ್ಲಿಲ್ಲ. ಗೊತ್ತಿದ್ರೆ ಮದುವೆಗೇ ಒಪ್ತಿರ್ಲಿಲ್ವೋ ಏನೋ, ಆಗ ಇವಳೂ ಇರ್ತಿರ್ಲಿಲ್ಲ."

ಕತ್ತಿಯಿಂದ ಮತ್ತೆರಡು ಅಡಿಕೆ ಸುಲಿದರು. ಆಮೇಲೆ ಮಗಳು ಮುಂದಿನ ವಾರ ಬರುವ ಸುದ್ದಿ ಹೇಳಿದರು. ಮಿಕ್ಸಿಯನ್ನು ಅಡುಗೆಮನೆಯಿಂದ ತೆಗೆದು ಹಿತ್ತಲ ಕೋಣೆಗೆ ಇಟ್ಟಿದ್ದಾರಂತೆ. ಬಾಗಿಲು ಹಾಕಿಕೊಂಡು, ಅವಳು ಏಳುವ ಮೊದಲೇ ಚಟ್ನಿ ರುಬ್ಬಿಬಿಡುತ್ತಾರಂತೆ. "ಚಿಕ್ಕವಳಿದ್ದಾಗ ಮಿಕ್ಸಿ ಹಾಕಿದ್ರೆ ಕಿವಿ ಮುಚ್ಕೊಂಡು ತೋಟಕ್ಕೆ ಓಡ್ತಿದ್ಲು. ನಾಟಕ ಅಂತ ಬೈದಿದ್ದೆ," ಎಂದರು.